ಗ್ರಾಂ-ಲಾಹುವಿನ ಕೊನೆಯ ಗೊನೆ

ಸಾಗರದ ಕಡೆಯಿಂದ ಬರುವ ಲವಣಾರ್ದ್ರ ಮಾರುತ ಗ್ರಾಂ-ಲಾಹುವಿನ ಮರಳುದಂಡೆಯ ಮೇಲೆ ಎಂದಿನಂತೆಯೇ ಬೀಸುತ್ತಿತ್ತು. ಆದರೆ ಆ ಗಾಳಿಗೆ ಮರ್ಮರಿಸಲು ಗರಿಗಳೇ ಉಳಿದಿರಲಿಲ್ಲ... ಹಳದಿ ರೋಗ ತಗುಲಿ, ಸುಳಿ ಕೊಳೆತು, ಶಿರವಿಲ್ಲದ ಸೇನೆಯಂತೆ ಸಾವಿರಾರು ತೆಂಗಿನ ಕಾಂಡಗಳು ಸಂಧ್ಯಾರಾಗದಲ್ಲಿ ಮೂಕವಾಗಿ ನಿಂತಿದ್ದವು.

ಆ ಸ್ಮಶಾನಮೌನದ ನಡುವೆ ತೆಂಗು ಬೆಳೆಗಾರ ಲಾವ್ರಿಯ ತೋಟದಲ್ಲಿ ಒಂದೇ ಒಂದು ಮರ ಹಸಿರಾಗಿತ್ತು. ಈ ದಂಡೆಯಲ್ಲದೆ ಬೇರೆಲ್ಲೂ ಬೆಳೆಯದ ಕೆಂಪುಕಾಯಿಯ ತಳಿ ಅದು. ಅದರ ಬಲಿತ ಕಾಯಿಗಳೊಳಗಿನ, ಮುಂದೆ ಮೊಳಕೆಯಾಗುವ ಭ್ರೂಣವನ್ನು ಹೆಪ್ಪುಗಟ್ಟಿಸಿ ಕಾಪಿಡಬೇಕೆಂದು ಸಂಶೋಧನಾಲಯದ ಕ್ಲೆಮಾನ್ಸ್ ಒಂದು ವರ್ಷದಿಂದ ಬಂದುಹೋಗುತ್ತಿದ್ದಳು. ಗೊನೆ ಬಲಿಯುವುದನ್ನು ಕಾಯುವ ಆ ದಿನಗಳಲ್ಲಿ, ಮಳೆ ನಿಂತ ಮೇಲೆ ಮಣ್ಣಿನಿಂದೇಳುವ ಬಿಸುಪಿನಂತೆ, ಅವಳ ಮತ್ತು ಲಾವ್ರಿಯ ನಡುವೆ ಅನುರಾಗವೊಂದು ಸದ್ದಿಲ್ಲದೆ ಅಂಕುರಿಸಿತು. ಈಕೆ ನೋಡಲು ಬರುವುದು ಮರವನ್ನೋ, ಮರ ಹತ್ತುವವನನ್ನೋ ಎಂದು ಮರಗೆಣಸು ತುರಿಯುವ ಹೆಂಗಸರು ನಗುತ್ತಿದ್ದರು.

ಒಂದು ಬೆಳಗ್ಗೆ ಆ ಮರದ ಹೊಂಬಾಳೆಯೂ ಕಪ್ಪಾಗಿತ್ತು! ಲಾವ್ರಿ ಮೇಲೇರಿ, ಉದುರುವ ಮೊದಲೇ ಗೊನೆಯನ್ನು ಹಗ್ಗ ಕಟ್ಟಿ ಇಳಿಸಿದ. ಹದಿನಾಲ್ಕು ಕಾಯಿಗಳಲ್ಲಿ ರೋಗದ ಸುಳಿವಿಲ್ಲದ ಭ್ರೂಣ ಸಿಕ್ಕಿದ್ದು ಐದರಲ್ಲಿ ಮಾತ್ರ. ಕ್ಲೆಮಾನ್ಸ್ ಅವನ್ನು ಹದವಾಗಿ ಒಣಗಿಸಿ, ದ್ರವ ಸಾರಜನಕದ ಘೋರ ಶೈತ್ಯದಲ್ಲಿ ಮುಳುಗಿಸಿದಳು.

ರೋಗ ಹರಡದಂತೆ ತೋಟವನ್ನು ಕಡಿದು ಸುಟ್ಟರು. ಸಾನ್-ಪೆದ್ರೋ ಬಂದರಿನಲ್ಲಿ ಕೂಲಿಗೆ ಹೊರಟ ಲಾವ್ರಿ ಅವಳ ಬಳಿ ಬಂದ.

"ನನ್ ಜೊತೆ ಬಂದ್ಬಿಡು, ಕ್ಲೆಮಾನ್ಸ್. ಇಲ್ಲಿ ಇನ್ನೇನಿದೆ?"

"ಆ ಪಾತ್ರೇಲಿರೋ ಸಾರಜನಕ ದಿನಾ ಆವಿಯಾಗಿ ಹೋಗ್ತದೆ, ಲಾವ್ರಿ. ತುಂಬಿಸೋರು ಇಲ್ದಿದ್ರೆ ಐದೂ ಸತ್ತೋಗ್ತವೆ. ಇನ್ನೊಬ್ರು ಈ ಕೆಲಸ ಕಲಿಯೋವರೆಗೂ ನಾನು ಕದಲೋ ಹಾಗಿಲ್ಲ."

"ಗೊನೆ ಇಳಿಸಿ ಕೊಟ್ಟೋನು ನಾನೇ ತಾನೆ. ನನ್ ಕಾಲ್ ಮೇಲೆ ನಾನೇ ಕಲ್ಲು ಹಾಕ್ಕೊಂಡೆ." ನಗಲು ಹೋದ; ಆಗಲಿಲ್ಲ.

ಕಲಿಯಲು ಯಾರೂ ಬರಲಿಲ್ಲ. ಮೂರನೆಯ ವರ್ಷ ಪರೀಕ್ಷೆಗೆಂದು ಕರಗಿಸಿದ ಎರಡು ಭ್ರೂಣಗಳಲ್ಲಿ ಒಂದು ಕಪ್ಪಾಗಿ ಸತ್ತಿತು. ಇನ್ನೊಂದು ಗಾಜಿನ ನಳಿಗೆಯೊಳಗೆ ಬಿಳಿಯ ಮೊಳಕೆ ಒಡೆಯಿತು. ಕ್ಲೆಮಾನ್ಸ್ ಅಂದೇ ಲಾವ್ರಿಗೆ ಕಾಗದ ಬರೆದಳು. ಉತ್ತರ ಬರೆದದ್ದು ಅವನ ತಂಗಿ: ಅಣ್ಣನಿಗೆ ಮದುವೆಯಾಗಿದೆ, ಹೆಣ್ಣು ಮಗುವಿದೆ; ನಿಮಗೆ ವಂದನೆ ತಿಳಿಸಲು ಹೇಳಿದ್ದಾನೆ...

ಸಹೃದಯರೇ, ಬೀಜದೊಳಗಿನ ಕಾಲವನ್ನು ತಡೆದು ನಿಲ್ಲಿಸುವ ವಿದ್ಯೆ ಮನುಷ್ಯನಿಗೆ ಒಲಿದಿದೆ. ಒಲವಿಗೆ ಅಂಥ ಆಶ್ರಯವಿಲ್ಲ. ಅದು ಶರತ್ಕಾಲದ ಬಿಸಿಲಿನಂತೆ, ಇರುವಷ್ಟು ಹೊತ್ತು ಇದ್ದು, ನಮ್ಮನ್ನು ಬೆಚ್ಚಗೆ ಮಾಡಿ, ನಾವು ಬೇರೆಯವರ ನಾಳೆಗಾಗಿ ದುಡಿಯುತ್ತಿರುವಾಗಲೇ ಮೆಲ್ಲನೆ ಅಂಗಳ ದಾಟಿ ಹೋಗಿಬಿಡುತ್ತದೆ...