ಕೊಪ್ಪರಿಗೆಯಲ್ಲಿ ಬಂದ ಸರಕಾರ

"ಕಾಲುವಿಗೆ ನೀರ ಬರೋದ್ರಾಗ ನಿಮ್ಮ ಕೇರಿಗೆ ಸೇತುವಿ ಕಟ್ಟಿಸಿ ಕೊಡ್ತೇನಿ. ಕೊಡಲಿಲ್ಲಂದ್ರ ನನ್ನ ಹೆಸರ ಶ್ರೀಶೈಲಪ್ಪನ ಅಲ್ಲ."

ಶ್ರೀಶೈಲಪ್ಪಗೌಡ ಹೀಗೆಂದದ್ದು ನಾನು ಈ ಕೇರಿಗೆ ಸೊಸೆಯಾಗಿ ಬಂದ ವರ್ಷ. ಕಾಲುವೆ ಅವನ ಹೊಲದಲ್ಲಿ ಹಾಯುವುದಿತ್ತು. ಅಲ್ಲಿ ಹಾಯದೆ ನಮ್ಮ ಕೇರಿಗೂ ಊರಿಗೂ ನಡುವೆ ಹಾಯಬೇಕೆಂದರೆ ನಮ್ಮವರ ಹೆಬ್ಬೆಟ್ಟು ಬೇಕಿತ್ತು. ಹೆಬ್ಬೆಟ್ಟು ಸಿಕ್ಕಿತು. ಕಾಲುವೆ ಬಂತು, ನೀರು ಬಂತು, ಗೌಡ ಪಂಚಾಯ್ತಿ ಅಧ್ಯಕ್ಷನಾದ. ನನ್ನ ಮಗಳು ಸಂಘಮಿತ್ರಾ ಹುಟ್ಟಿ ಐದನೇ ಇಯತ್ತೆಗೆ ಬಂದಳು.

ಶಾಲೆ ಆ ದಂಡೆಗೆ, ನಾವು ಈ ದಂಡೆಗೆ. ಕಾಲುವೆ ಒಣಗಿದ್ದಾಗ ಮಕ್ಕಳು ಇಳಿದು ಹತ್ತಿ ಹೋಗುತ್ತವೆ. ನೀರು ಬಿಟ್ಟರೆ ಗೌಡನ ಕಬ್ಬಿನ ಬದುವಿನ ಮೇಲೆ ನಡೆದು, ಮುಳವಾಡದ ರಸ್ತೆಯ ಸೇತುವೆ ಸುತ್ತಿ ಹೋಗಬೇಕು. ಆ ಬದುವಿನ ಮೇಲೆ ನಮ್ಮ ಕೇರಿಯವರು ಕಾಲಿಟ್ಟರೆ ಅವನ ಕಬ್ಬಿಗೆ ರೋಗ ಬರುತ್ತದಂತೆ. ಕೆಲಸಕ್ಕೆ ಹೋದಾಗ ಬರುವುದಿಲ್ಲ, ಶಾಲೆಗೆ ಹೊರಟಾಗ ಮಾತ್ರ ಬರುತ್ತದೆ.

ಅದಕ್ಕೇ ನನ್ನ ಗಂಡ ಧರ್ಮರಾಜ ಆಲಮೇಲದ ಕಡೆ ಮುಚ್ಚಿಹೋದ ಗಾಣದಿಂದ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆ ತಂದ. ಎರಡೂ ಬದಿಗೆ ಹಗ್ಗ ಕಟ್ಟಿದೆವು. ಅವನು ಆ ದಂಡೆಯಲ್ಲಿ, ನಾನು ಈ ದಂಡೆಯಲ್ಲಿ. ಮಕ್ಕಳನ್ನು ಕೂಡಿಸಿ ಎಳೆದರೆ ನಗುತ್ತ ದಾಟುತ್ತಿದ್ದವು. ಹೆಡ್ ಮಾಸ್ತರರು ನೋಡಿ ಹೆದರಿದರು.

"ಹಿಂಗ ಕಳಸಬ್ಯಾಡೋ ಧರ್ಮರಾಜ. ಏನರ ಆದ್ರ ನನ್ನ ನೌಕರಿ ಹೋಗ್ತೈತಿ."

ಕಳಿಸಲಿಲ್ಲ. ಕಳಿಸಲಿಲ್ಲವೆಂದು ನೋಟೀಸು ಬಂತು. ನೋಟೀಸಿಗೆ ಯಾರೂ ಹೋಗದಿದ್ದಾಗ, ಕೊಟ್ಟವರೇ ಬಂದರು.

"ಏ ಧರ್ಮ್ಯಾನ ಹೇಣ್ತಿ, ಸಾವಕಾಶ ಎಳಿ. ಏನ ಎಮ್ಮಿ ಎಳದಂಗ ಎಳೀತಿ?"

ಕೊಪ್ಪರಿಗೆಯ ನಡುವೆ ಗೌಡ ಕೂತಿದ್ದ. ನಮ್ಮ ಮಕ್ಕಳು ಕೂತ ಜಾಗವೆಂದು ಕೆಳಗೆ ಟವೆಲ್ ಹಾಸಿಕೊಂಡಿದ್ದ. ಒಂದು ಬದಿಗೆ ತಾಲೂಕಿನ ಹಾಜರಾತಿ ಸಾಹೇಬ ಕಲ್ಮೇಶ, ಇನ್ನೊಂದು ಬದಿಗೆ ಪಂಚಾಯ್ತಿಯ ಪಿಡಿಒ ಭಾಗ್ಯಜ್ಯೋತಿ ಮೇಡಂ. ಅವರ ಜೀಪು ಆ ದಂಡೆಯಲ್ಲಿ, ಶಾಲೆಯ ಮುಂದೆ ನಿಂತಿತ್ತು. ಮಕ್ಕಳಿಗೆ ಅಪಾಯವಾಗಿದ್ದ ಕೊಪ್ಪರಿಗೆಯಲ್ಲಿ ಸರಕಾರ ಸುಖವಾಗಿ ದಾಟುತ್ತಿತ್ತು.

"ಎಮ್ಮಿ ಆಗಿದ್ರ ತಾನ ಈಸ್ಕೋಂತ ಬರ್ತಿತ್ರಿ ಗೌಡ್ರ," ಅಂದೆ.

ಮೇಡಂ ಮುಖ ಆ ಕಡೆ ತಿರುಗಿಸಿ ನಕ್ಕಳು. ಗೌಡ ನಗಲಿಲ್ಲ.

ದಂಡೆ ಹತ್ತಿದ ಕೂಡಲೇ ಕಲ್ಮೇಶ ಸಾಹೇಬರು ಕೇರಿಯ ಹೆಂಗಸರನ್ನೆಲ್ಲ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಕೇಳಿದರು.

"ಮಕ್ಕಳ್ನ ಯಾಕ ಸಾಲಿಗೆ ಕಳಸೂದಿಲ್ಲ? ಶಿಕ್ಷಣದ ಮಹತ್ವ ನಿಮಗ ಗೊತ್ತಿಲ್ಲೇನು?"

ನನ್ನ ಅತ್ತೆ ಶೆಟ್ಟೆವ್ವ ಅವರ ಪ್ಯಾಂಟು ನೋಡಿದಳು. ಮೊಣಕಾಲಿನ ತನಕ ತೋಯ್ದಿತ್ತು.

"ನೀವ ಹೆಂಗ ಬಂದ್ರಿ ಸಾಹೇಬ್ರ?"

"ಅದು ಬ್ಯಾರೆ ವಿಷಯ."

"ಹೌದ್ರಿ, ಬ್ಯಾರೇನ. ನಮಗ ದಿನಾ ಅದ ವಿಷಯ."

ಸಾಹೇಬರು ಅವಳನ್ನು ಬಿಟ್ಟು ಮೇಡಂ ಕಡೆ ತಿರುಗಿದರು. "ಮೇಡಂ, ಮಕ್ಕಳ್ನ ಸಾಲಿಗೆ ತಂದ ಮುಟ್ಟಸೂದು ಪಂಚಾಯ್ತಿ ಜವಾಬ್ದಾರಿ. ಸ್ಥಳೀಯ ಸಂಸ್ಥೆ ಅಂದ್ರ ನೀವ. ನಾವು ಬರೇ ಹಾಜರಿ ನೋಡಾವ್ರು."

"ಚಲೋ ಹೇಳ್ತೀರಿ ಸರ್. ಸಾಲಿ ನಿಮ್ದು, ಮಾಸ್ತರ ನಿಮ್ಮವ್ರು, ನೋಟೀಸು ನಿಮ್ದು. ಹುಡುಗೂರು ಅಷ್ಟ ನಮ್ಮವು? ಸೇತುವಿಗೆ ರಾಜ್ಯದಿಂದ ಮಂಜೂರಿ ತರಸ್ರಿ, ನಾವ ಹೊತ್ಕೊಂಡ ಬಂದ ಬಿಡ್ತೇವಿ."

"ಸೇತುವಿ ನಮಗ ಸಂಬಂಧ ಇಲ್ಲ. ಅದು ನೀರಾವರಿಯವ್ರದು."

"ನೀರಾವರಿಯವ್ರು ಪಂಚಾಯ್ತಿನ ಕಟ್ಟಸ್ಲಿ ಅಂತ ಬರದಾರ."

"ಮತ್ತ ಕಟ್ಟಸ್ರಿ."

"ಕಟ್ಟಸಾಕ ಪಂಚಾಯ್ತಿಗೆ ಅಧಿಕಾರ ಇಲ್ಲ."

ಶೆಟ್ಟೆವ್ವ ಎಲೆ ಅಡಿಕೆ ಉಗುಳಿ ಬಂದಳು. "ಈ ದಂಡಿ ಪಂಚಾಯ್ತಿದು, ಆ ದಂಡಿ ಸಾಲಿದು, ನಡುವಿನ ನೀರ ನೀರಾವರಿದು. ಹುಡುಗೂರು ಯಾರ ನೀರಾಗ ಮುಣುಗಬೇಕು ಅದನ್ನಷ್ಟ ಹೇಳಿ ಹೋಗ್ರಿ, ಪುಣ್ಯಾ ಬರತೈತಿ."

"ಮುದುಕಿ, ಬಾಯಿ ಹಿಡದ ಮಾತಾಡು," ಅಂದ ಗೌಡ.

"ಹಿಡ್ಕೊಂಡ ಮಾತಾಡಾಕತ್ತೇನಪ್ಪಾ. ಬಿಟ್ರ ನಿಮ್ಮವ್ವನ ತನಕ ಹೋಗ್ತೈತಿ."

ಸಾಹೇಬರಿಗೆ ಸಿಟ್ಟು ಬಂತು. ಮೇಡಂ ಮೇಲಿನದು, ನೀರಾವರಿಯ ಮೇಲಿನದು, ಎಲ್ಲ ಕೂಡಿ ನಮ್ಮ ಮೇಲೆ ಬಂತು.

"ಇಷ್ಟ ಹೇಳ್ತೇನಿ. ಇವತ್ತ ಗಂಟಿ ಹೊಡ್ಯೂದ್ರಾಗ ಮಕ್ಕಳು ಸಾಲ್ಯಾಗ ಇರಬೇಕು. ಇಲ್ಲಂದ್ರ ಒಂದೊಂದ ಹೆಸರ ಹೊಡದ ಹಾಕ್ತೇನಿ."

"ಹೊಡೀರಿ ಸಾಹೇಬ್ರ," ಗೌಡ ಸಮಾಧಾನದಿಂದ ಹೇಳಿದ. "ನಾಳಿಂದ ನನ್ನ ಉಳ್ಳಾಗಡ್ಡಿ ಹೊಲಕ್ಕ ಬರ್ತಾವ. ಸಣ್ಣ ಕೈ ಇರ್ತಾವ ನೋಡ್ರಿ, ಕಸಾ ಬೇರ ಸಮೇತ ತಗೀತಾವ."

ಹೇಳುತ್ತ ಅವನು ಸಂಘಮಿತ್ರಾಳ ಕೈ ಹಿಡಿದು, ಸಂತೆಯಲ್ಲಿ ಹೋರಿಯ ಹಲ್ಲು ನೋಡುವಂತೆ, ಬೆರಳು ಬಿಡಿಸಿ ಸಾಹೇಬರಿಗೆ ತೋರಿಸಿದ. ಸಾಹೇಬರು ನೋಡಿದರು ಕೂಡ.

ನನ್ನ ಬೆರಳು ಅದೇ ಹೊಲದಲ್ಲಿ ಸವೆದದ್ದು. ಮಗಳ ಕೈಯನ್ನು ಅವನ ಕೈಯಿಂದ ಬಿಡಿಸಿಕೊಂಡೆ.

"ಚೀಲ ತಗೊಂಡ ಬಾ," ಅಂದೆ. "ಎಲ್ಲಾರ್ನೂ ಕರಿ."

ಸಾಹೇಬರು ಮತ್ತು ಮೇಡಂ ಮತ್ತೆ ಕಾಯ್ದೆಗೆ ಇಳಿದಿದ್ದರು. ಅವರು ಸ್ಥಳೀಯ ಅನ್ನುತ್ತಿದ್ದರು, ಅವಳು ರಾಜ್ಯ ಅನ್ನುತ್ತಿದ್ದಳು. ಗೌಡ ಫೋನಿನಲ್ಲಿದ್ದ. ನಾನು ಮಕ್ಕಳನ್ನು ಕೊಪ್ಪರಿಗೆಯಲ್ಲಿ ಕೂಡಿಸಿದೆ. ಆ ದಂಡೆಯಿಂದ ಧರ್ಮರಾಜ ಎಳೆದ, ನಾನು ಹಗ್ಗ ಬಿಡುತ್ತ ಹೋದೆ. ಅರ್ಧ ನೀರಿನಲ್ಲಿದ್ದಾಗ ಮೇಡಂ ನೋಡಿದಳು.

"ಏ, ಏನ್ ಮಾಡಾಕತ್ತಿ?"

"ಸಾಹೇಬ್ರ ಹುಕುಂ ಪಾಲಸಾಕತ್ತೇನ್ರಿ. ಗಂಟಿ ಹೊಡ್ಯೂದ್ರಾಗ ಸಾಲ್ಯಾಗ ಇರಬೇಕಂದ್ರಲ್ಲ."

ಉಳಿದ ಹುಡುಗರನ್ನೂ ದಾಟಿಸಿದೆ. ಕೊನೆಯ ಸಲ ಕೊಪ್ಪರಿಗೆ ಆ ದಂಡೆಗೆ ಮುಟ್ಟಿದಾಗ ನನ್ನ ಕೈಯಲ್ಲಿದ್ದ ಹಗ್ಗವನ್ನೂ ನೀರಿಗೆ ಬಿಟ್ಟೆ. ಧರ್ಮರಾಜ ಅದನ್ನು ಸುತ್ತಿಕೊಂಡು ಕೊಪ್ಪರಿಗೆಯನ್ನು ದಂಡೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಕೂತು ಬೀಡಿ ಹಚ್ಚಿದ. ಶಾಲೆಯ ಗಂಟೆ ಹೊಡೆಯಿತು.

"ಕೊಪ್ಪರಿಗಿ ವಾಪಸ್ ತರಸು," ಅಂದರು ಸಾಹೇಬರು.

"ಬರ್ತೈತ್ರಿ. ಸಾಲಿ ಬಿಟ್ಟ ಮ್ಯಾಲ."

"ನನಗ ಮೀಟಿಂಗ್ ಐತಿ."

"ನಿಮ್ಮನ್ನ ಮೀಟಿಂಗಿಗೆ ಮುಟ್ಟಸೂದು ರಾಜ್ಯದ್ದೋ ಪಂಚಾಯ್ತಿದೋ ನಮಗ ತಿಳೀವಲ್ದು ಸಾಹೇಬ್ರ," ಅಂದಳು ಶೆಟ್ಟೆವ್ವ. "ನೀವ ಇಬ್ರೂ ಕೂತ ತೀರ್ಮಾನ ಮಾಡ್ರಿ. ನೆಳ್ಳೈತಿ."

ಬಿಸಿಲು ಏರಿತು. ಅತ್ತೆ ತಂಬಿಗೆಯಲ್ಲಿ ನೀರು ತಂದಳು. ಮೇಡಂ ಗಟಗಟ ಕುಡಿದಳು. ಸಾಹೇಬರು ಗೌಡನ ಮುಖ ನೋಡಿ, ಆಮೇಲೆ ಕುಡಿದರು. ಗೌಡ ಕುಡಿಯಲಿಲ್ಲ. ಒಣಗಿದ ತುಟಿ ನೆಕ್ಕಿಕೊಳ್ಳುತ್ತ ಫೋನಿನಲ್ಲಿ ತನ್ನ ಆಳು ಯಂಕಪ್ಪನಿಗೆ ಬೈದ.

"ಟ್ರ್ಯಾಕ್ಟರ್ ಬದುವಿನ ಮ್ಯಾಲ ಹಿಡಸೂದಿಲ್ಲಂದ್ರ ಕಬ್ಬಿನ ಮ್ಯಾಲ ಹಾಯಿಸ್ಕೊಂಡ ಬಾ, ಸೂಳಿಮಗನ."

ಟ್ರ್ಯಾಕ್ಟರ್ ಬಂತು. ಬದು ಒಡೆದು, ಕಬ್ಬಿನ ಎರಡು ಸಾಲು ನೆಲಕ್ಕೆ ಒರಗಿಸಿ ಬಂತು. ಮೂವರನ್ನೂ ಟ್ರೇಲರಿನಲ್ಲಿ ನಿಲ್ಲಿಸಿಕೊಂಡು ಅದೇ ದಾರಿಯಲ್ಲಿ ಹೋಯಿತು.

ಮರುದಿನ ಪೊಲೀಸರು ಬಂದು, ಪರವಾನಗಿ ಇಲ್ಲದ ದೋಣಿ ಎಂದು ಪಂಚನಾಮೆ ಬರೆದು ಕೊಪ್ಪರಿಗೆ ಒಯ್ದರು. ಮಕ್ಕಳನ್ನು ಶಾಲೆಗೆ ಮುಟ್ಟಿಸುವುದು ಯಾರ ಕೆಲಸವೆಂದು ಬೇವಿನ ಗಿಡದ ಕೆಳಗೆ ತೀರ್ಮಾನವಾಗಿರಲಿಲ್ಲ. ಕೊಪ್ಪರಿಗೆ ಒಯ್ಯುವುದು ಯಾರ ಕೆಲಸವೆಂಬುದು ಮುಂಜಾನೆಯ ಚಹಾಕ್ಕಿಂತ ಮೊದಲೇ ತೀರ್ಮಾನವಾಗಿತ್ತು. ಹೊರುವುದಕ್ಕೆ ಮಾತ್ರ ನಮ್ಮ ಕೇರಿಯವರನ್ನೇ ಕರೆದರು.

ಅವರು ಹೋದ ಮೇಲೆ ನಾನು ಸಂಘಮಿತ್ರಾಳ ಹೆಗಲಿಗೆ ಚೀಲ ಹಾಕಿದೆ. ಕೇರಿಯ ಹೆಂಗಸರು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹಿಂದೆ ಬಂದರು. ಟ್ರ್ಯಾಕ್ಟರಿನ ಗಾಲಿ ಬಿದ್ದ ಜಾಡಿನಲ್ಲಿ, ಬಿದ್ದ ಕಬ್ಬು ತುಳಿಯುತ್ತ ನಡೆದೆವು. ನಡುದಾರಿಯಲ್ಲಿ ಗೌಡ ಬಡಿಗೆ ಹಿಡಿದು ನಿಂತಿದ್ದ.

"ಯಾರ್ನ ಕೇಳಿ ನನ್ನ ಹೊಲದಾಗ ಕಾಲ ಇಟ್ಟೀರಿ? ಮುರದ ಹಾಕ್ತೇನಿ."

"ಹೊಲದಾಗ ಇಟ್ಟಿಲ್ರಿ," ಅಂದೆ. "ಇದು ನಿನ್ನಿ ಸರಕಾರ ಹೋದ ಹಾದಿ. ಸರಕಾರಿ ಸಾಲಿಗೆ ಹೊಂಟೇವಿ."

"ಲೇ ಧರ್ಮ್ಯಾನ ಹೇಣ್ತಿ—"

"ನನಗೂ ಒಂದ ಹೆಸರ ಐತ್ರಿ. ಕೇಳಿದ್ರ ಹೇಳ್ತೇನಿ. ಈಗ ಸರೀರಿ, ಗಂಟಿ ಆಗ್ತೈತಿ."

ಕಬ್ಬು ಕಡಿಯಲು ಹೋಗುವವಳ ಸೊಂಟದಲ್ಲಿ ಕುಡಗೋಲು ಇದ್ದೇ ಇರುತ್ತದೆ. ನಾನದನ್ನು ಮುಟ್ಟಲಿಲ್ಲ. ಗೌಡ ಅದನ್ನು ನೋಡಿದ, ನನ್ನ ಹಿಂದಿನ ಹೆಂಗಸರ ಸೊಂಟಗಳನ್ನೂ ನೋಡಿದ. ಸಂಘಮಿತ್ರಾ ಅವನ ಬಡಿಗೆಯ ಕೆಳಗೆ ಬಗ್ಗಿ ಆ ಕಡೆ ಹೋಗಿ ನಿಂತು, ಉಳಿದವರನ್ನು ಕರೆದಳು.

ಗೌಡ ಇವತ್ತಿನ ತನಕ ಸೇತುವೆ ಕಟ್ಟಿಸಿ ಕೊಡಲಿಲ್ಲ. ಅವನ ಹೆಸರು ಇನ್ನೂ ಶ್ರೀಶೈಲಪ್ಪನೇ.