ಮೂಲೆಯಲ್ಲಿದ್ದವಳಿಗೆ ಹೋದ ಚೆಂಡು

ಸಬ್ಬಸಿಗೆಯ ಮೇಲೆ ಸ್ಕೈಸ್ತೆಯ ಚಾಕು ಎಷ್ಟು ನಯವಾಗಿ ಓಡುತ್ತಿದೆ, ಆ ಬೆರಳುಗಳಿಗೆ ಇನ್ನೂ ವಯಸ್ಸಾಗಿಲ್ಲ, ನೋಡದೆಯೇ ಚೆಂಡನ್ನು ಬೇಕಾದವರ ಕೈಗೆ ದಾಟಿಸುತ್ತಿದ್ದ ಬೆರಳು, ಬೇಕಾದವರಿಗೆ — ಅಲ್ಲೇ ಇರುವುದು ವಿಷಯ, ಎಂದುಕೊಂಡಳು ಔದ್ರೊನೆ, ಬಿಸಿ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ. ಹೊರಗೆ ಸೇಬಿನ ಮರದಡಿ ಅಪ್ಪ ಕೂತಿದ್ದಾರೆ, ಇವತ್ತು ಅವರ ಹುಟ್ಟುಹಬ್ಬ, ಹಳೆಯ ಬಾಸ್ಕೆಟ್‌ಬಾಲ್ ತಂಡದವರೆಲ್ಲ ತಮ್ಮ ಕೋಚ್‌ಗೆಂದು ಕೌನಸ್ ನಗರದಿಂದ ಸ್ಕೈಸ್ತೆಯ ತೋಟದ ಮನೆಗೆ ಬಂದಿದ್ದಾರೆ, ಮಿಲ್ಡಾ ಒಬ್ಬಳನ್ನು ಬಿಟ್ಟು, ಮಿಲ್ಡಾ ಯಾವತ್ತೂ ಬರುವುದಿಲ್ಲ. ಗೆಲ್ಲಬಹುದಿತ್ತು, ಯುರೋಪಿನ ಫೈನಲ್, ಒಂದೇ ಅಂಕ ಹಿಂದೆ, ಕೊನೆಯ ಚೆಂಡು, ತಾನು ಬಾಸ್ಕೆಟ್ಟಿನ ಕೆಳಗೆ ಕೈಯೆತ್ತಿ ಒಂಟಿಯಾಗಿ ನಿಂತಿದ್ದಾಳೆ, ಅಡ್ಡ ಯಾರೂ ಇಲ್ಲ, ಸ್ಕೈಸ್ತೆ ನೋಡಿದಳು, ಖಂಡಿತ ನೋಡಿದಳು, ನೋಡಿ ಮುಖ ತಿರುಗಿಸಿ ದೂರದ ಮೂಲೆಯಲ್ಲಿದ್ದ ಮಿಲ್ಡಾಗೆ ಎಸೆದಳು, ಮಿಲ್ಡಾ ಹೊಡೆದದ್ದು ರಿಂಗಿಗೆ ಬಡಿದು ಹೊರಬಿತ್ತು. ಅದೇ ಚಳಿಗಾಲ ಸ್ಕೈಸ್ತೆ ಆಡಲು ಹೋದದ್ದೆಲ್ಲಿಗೆ, ನಮ್ಮನ್ನು ಸೋಲಿಸಿದವರ ದೇಶದ ಕ್ಲಬ್ಬಿಗೆ, ಸುಮ್ಮನೆ ಕರೆದರೇ ಅವರು, ಏನೂ ಇಲ್ಲದೆ — ಮತ್ತೆ ನೋಡು, ಎಷ್ಟು ನಗುನಗುತ್ತ ಬೀಟ್‌ರೂಟಿನ ತಣ್ಣನೆಯ ಸೂಪಿಗೆ ಮೊಸರು ಸುರಿಯುತ್ತಿದ್ದಾಳೆ, ಕೇಳಿಬಿಡು, ಇವತ್ತಲ್ಲದಿದ್ದರೆ ಇನ್ನಿಲ್ಲ, ಅವತ್ತು ನನಗ್ಯಾಕೆ ಕೊಡ್ಲಿಲ್ಲ ಚೆಂಡು, ಎಂದು ಕೇಳಿಯೇಬಿಟ್ಟಳು. ಸುರಿಯುತ್ತಿದ್ದ ಕೈ ನಿಂತಿತು. ನಿಂಗೆ ಗೊತ್ತಿದ್ದೂ ಸುಮ್ನಿದೀಯ ಅಂದ್ಕೊಂಡಿದ್ದೆ ಕಣೇ, ಎಂದಳು ಸ್ಕೈಸ್ತೆ, ಕೋಚೇ ಹೇಳಿದ್ರು, ಏನೇ ಆಗ್ಲಿ ಕೊನೇ ಚೆಂಡು ನನ್ ಮಗಳಿಗೆ ಬೇಡ ಅಂತ.

ಸುಳ್ಳು. ಮರೆವಿನ ಮುದುಕರ ತಲೆಗೆ ಕಟ್ಟುವುದು ಎಷ್ಟು ಸುಲಭ. ಆದರೂ ಸೂಪಿನ ಬಟ್ಟಲು ಹಿಡಿದು ಹೊರಗೆ ಬರುವಾಗ ಹುಲ್ಲು ಕಾಲಿಗೆ ತೊಡರುತ್ತಿದೆ, ಅಪ್ಪನ ಕಿವಿ ಮಂದ, ಬಗ್ಗಿ ಆ ಕೊನೆಯ ಚೆಂಡಿನ ವಿಷಯ ಕೇಳಿದಳು, ಯಾವ ಚೆಂಡು ಎಂದು ಅವರು ಕೇಳಲಿ, ದೇವರೇ, ಯಾವ ಚೆಂಡು ಎನ್ನಲಿ. ಅಪ್ಪ ಹಾಗೆ ಕೇಳಲಿಲ್ಲ. ಗುಲಾಬಿ ಬಣ್ಣದ ಸೂಪಿನಲ್ಲಿ ಚಮಚ ಆಡಿಸಿದರು. ನೀನು ಹಾಕ್ತಿದ್ದೆ ಮಗಳೇ, ಗೆದ್ದೂ ಬಿಡ್ತಿದ್ವಿ, ಆದ್ರೆ ತಪ್ಪಿದ್ರೆ? ಈ ಊರಲ್ಲಿ ತಲೆ ಎತ್ತಿ ಓಡಾಡೋಕೆ ಬಿಡ್ತಿದ್ರಾ ನಿನ್ನ? ಮಿಲ್ಡಾನ ಬಿಟ್ರಾ ಅಪ್ಪ, ಎಂದಳು. ಅವಳು ನನ್ ಮಗಳಲ್ವಲ್ಲ. ಅಷ್ಟೇ ಹೇಳಿ ಅಪ್ಪ ಆಲೂಗಡ್ಡೆ ಮುರಿದುಕೊಂಡರು, ಉಪ್ಪು ಕೇಳಿದರು, ಅವಳು ಉಪ್ಪು ಕೊಟ್ಟಳು, ಕೊಟ್ಟಳಲ್ಲ — ಮಿಲ್ಡಾ ಬಸ್ಸು ಹತ್ತಿದರೆ ಜನ ಅವಳ ಪಕ್ಕದ ಸೀಟು ಬಿಟ್ಟು ಕೂರುತ್ತಿದ್ದರು, ಕೊನೆಗೆ ನಾರ್ವೆಗೆ ಹೋಗಿ ಮೀನಿನ ಕಾರ್ಖಾನೆ ಸೇರಿದಳು, ನಾನು ಒಂದು ಫೋನಾದರೂ ಮಾಡಿದೆನೇ, ಇಲ್ಲ, ಅನುಮಾನವೆಲ್ಲ ಸ್ಕೈಸ್ತೆಗೇ ಖರ್ಚಾಯಿತು, ಮಿಲ್ಡಾಗೆ ಉಳಿದದ್ದೇನು, ಮಿಲ್ಡಾಗೆ ಗೊತ್ತಿತ್ತೇ, ಗೊತ್ತಿದ್ದೇ ಹೋದಳೇ, ಫೈನಲ್ ಮುಗಿದ ಆ ಸಂಜೆ ಅಂಕಣದ ದೀಪಗಳೆಲ್ಲ ಉರಿಯುತ್ತಿದ್ದವು, ಅವಳು ಮೂಲೆಯಲ್ಲಿ ನೆಲದ ಮೇಲೆ ಕೂತು ಹಸಿರು ಜೆರ್ಸಿಯನ್ನು ಮುಖದ ಮೇಲಕ್ಕೆ ಎಳೆದುಕೊಂಡಿದ್ದಳು, ಎಲ್ಲರೂ ಪಕ್ಕದಿಂದಲೇ ದಾಟಿ ಹೋದೆವು, ಅಪ್ಪನ ಕೈ ನನ್ನ ಹೆಗಲ ಮೇಲಿತ್ತು, ಮುಖ ಮುಚ್ಚಿದ ಹಸಿರು ಬಟ್ಟೆ, ಬಾಯಿಯ ಜಾಗದಲ್ಲಿ ಆ ಬಟ್ಟೆ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಒಳಗೆ ಹೋಗುತ್ತಿತ್ತು