ಹ್ಞೂಂ ಅಂದರೆ ಹಾರುವ ವಿಮಾನ

ಎದುರುಮನೆಯ ಗುರ್ಸ್ಕಿಯವರ ಬಾಯಿ ಬಿಡಿಸಲು ದಿವಾಕರ ಸುಮಾರು ಶನಿವಾರಗಳನ್ನು ನೀರಿನಂತೆ ಸುರಿದಿದ್ದ. ಅಮೆರಿಕಕ್ಕೆ ಇನ್ನೂರು ವರ್ಷ ತುಂಬುತ್ತಿದ್ದ ಆ ವರ್ಷ ಓಲ್ಡ್ ಬ್ರಿಡ್ಜ್‌ನ ಲೈಬ್ರರಿಯವರು, ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಯ ವಿಮಾನ ನಡೆಸಿದ ಊರಿನ ಮುದುಕರ ಕಥೆಗಳನ್ನು ಅವರವರ ದನಿಯಲ್ಲೇ ಕ್ಯಾಸೆಟ್ಟಿಗೆ ತುಂಬಿಸಿಡಲು ಹೊರಟಿದ್ದರು. ವಿಮಾನವೆಂದರೆ ಊಟ ಬಿಟ್ಟು ಓಡುವ ಎಂಜಿನಿಯರ್ ದಿವಾಕರ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದ. ಉಳಿದ ಮುದುಕರು ಸಾಕು ಸಾಕೆನ್ನುವಷ್ಟು ಮಾತಾಡಿದರು. ಗುರ್ಸ್ಕಿಯವರು ಮಾತ್ರ ಹೋದೆವು, ಬಂದೆವು ಎಂದು ಹೇಳಿ ಕಿಟಕಿಯಾಚೆ ನೋಡುತ್ತ ಕೂತುಬಿಡುತ್ತಿದ್ದರು.

ಈಗ ಅವರು ಮನೆ ಮಾರಿ ಅರಿಜೋನಾದ ಮಗಳ ಮನೆಗೆ ಹೊರಟಿದ್ದರು. ಸಾಮಾನು ಹೇರುವ ಲಾರಿ ಬಾಗಿಲಿಗೆ ಬಂದಿತ್ತು. ಅವರ ವಿಮಾನದಲ್ಲಿದ್ದ ನಾಲ್ವರಲ್ಲಿ ಬದುಕಿ ಉಳಿದವರು ಇವರೊಬ್ಬರೇ. ಇವರು ಹೇಳದೆ ಹೋದರೆ ಆ ವಿಮಾನದ ಕಥೆ ಇನ್ನು ಯಾರ ಬಾಯಲ್ಲೂ ಇರುವುದಿಲ್ಲ. ಕೊನೆಯದೊಂದು ಕೈ ನೋಡೋಣವೆಂದು ದಿವಾಕರ ರೆಕಾರ್ಡರ್ ಹೊತ್ತು ಹೊರಟ. ಕಾಫಿಯ ಫ್ಲಾಸ್ಕ್ ಹಿಡಿದುಕೊಳ್ಳಲು ಹೆಂಡತಿಯ ತಂಗಿ ಪಂಕಜಾ ಹಿಂದೆ ಹೋದಳು.

ಪಂಕಜಾ ಅಕ್ಕನ ಬಾಣಂತನಕ್ಕೆಂದು ಮೈಸೂರಿನಿಂದ ಬಂದು ಇಲ್ಲೇ ಉಳಿದವಳು. ಎಂಟನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದಳು. ಟಿ.ವಿ. ನೋಡಿ ನೋಡಿ ಇಂಗ್ಲಿಷು ಕಿವಿಗೆ ಹತ್ತಿತ್ತು, ನಾಲಿಗೆಗೆ ಇಳಿದಿರಲಿಲ್ಲ. ಹೊರಗಿನವರೆದುರು ಗೋಡೆಯ ಪಕ್ಕ ಇನ್ನೊಂದು ಗೋಡೆಯ ಹಾಗೆ ನಿಲ್ಲುತ್ತಿದ್ದಳು. ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಗುರ್ಸ್ಕಿಯವರ ಕೋಣೆಯಲ್ಲಿ ಕೂತಾಗ, ಭಾವ ಪ್ರಶ್ನೆ ಕೇಳಿ ಕೇಳಿ ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳನ್ನೇ ನೋಡುತ್ತಿದ್ದುದು, ಗುರ್ಸ್ಕಿಯವರು ಅವನ ಮುಖ ಹುಡುಕಿ ಸೋತು ಕಿಟಕಿಗೆ ತಿರುಗುತ್ತಿದ್ದುದು ಅವಳಿಗೆ ಕಂಡಿತು. ಭಾವನಿಗೆ ಅದನ್ನು ಹೇಳುವವರು ಯಾರು?

ಅಷ್ಟರಲ್ಲಿ ಲಾರಿಯವರು ಹೊರಗಿಂದ ಕೂಗಿ, ದಿವಾಕರನ ಕಾರು ದಾರಿಗೆ ಅಡ್ಡ ನಿಂತಿದೆ ಎಂದರು.

"ಟೇಪಿನ ಚಕ್ರ ತಿರುಗ್ತಾ ಇರತ್ತೆ, ನೋಡ್ಕೊಂಡಿರು," ಎಂದು ಅವನು ಎದ್ದ. "ಏನೂ ಮುಟ್ಬೇಡ. ಮಾತಂತೂ ಆಡ್ಲೇಬೇಡ."

ಪಂಕಜಾಳಿಗೆ ಇದನ್ನು ಹೇಳುವುದೆಂದರೆ ಮೀನಿಗೆ ಮರ ಹತ್ತಬೇಡ ಎಂದಂತೆ. ಹೊರಗೆ ಕಾರು ಕೆಮ್ಮಿತು, ಕೊಸರಾಡಿತು, ಹಟ ಹಿಡಿದು ನಿಂತಿತು.

ಹುಡುಗಿಯ ಮುಜುಗರ ನೋಡಲಾರದೆ ಗುರ್ಸ್ಕಿಯವರು ಅಲ್ಲಿದ್ದ ಮರದ ಪೆಟ್ಟಿಗೆಯೊಂದನ್ನು ತೋರಿಸಿ, ಒಮ್ಮೆ ಇಟಲಿಯಲ್ಲಿ ಇಂಥ ಪೆಟ್ಟಿಗೆಗಳಲ್ಲಿ ಕೋಳಿ ತುಂಬಿಕೊಂಡು ಹಾರಿದ್ದೆ ಎಂದರು.

"ಹ್ಞೂಂ," ಎಂದಳು ಪಂಕಜಾ.

ಬೇಕೆಂದು ಅಂದದ್ದಲ್ಲ. ಅವಳ ಅಜ್ಜಿಯ ಕಟ್ಟಳೆ ಹಾಗಿತ್ತು. ಕಥೆ ಕೇಳುವವರು ಹೂಂಗುಟ್ಟಬೇಕು. ಹೂಂಗುಟ್ಟುವುದು ನಿಂತರೆ ರಾಜಕುಮಾರ ಕಾಡಿನ ನಡುವೆಯೇ ನಿಂತ, ಅಜ್ಜಿ ಗೊರಕೆ ಹೊಡೆದಳು. ಹಾಗೆ ಬೆಳೆದ ಗಂಟಲು, ಕಥೆಯ ವಾಸನೆ ಹತ್ತಿದ ಕೂಡಲೇ ತಾನಾಗಿ ಹ್ಞೂಂ ಅಂದಿತು.

ಗುರ್ಸ್ಕಿಯವರು ಕಿಟಕಿ ಬಿಟ್ಟು ಇತ್ತ ತಿರುಗಿದರು. ಕೋಳಿಗಳು ಕರ್ನಲ್ಲರ ಕ್ರಿಸ್ಮಸ್ ಊಟಕ್ಕಂತೆ. ಹ್ಞೂಂ. ಸಮುದ್ರದ ಮೇಲೆ ವಿಮಾನ ಕುಲುಕಿದ್ದೇ ಪೆಟ್ಟಿಗೆಗಳ ಬಾಯಿ ತೆರೆಯಿತಂತೆ. ಹ್ಞೂಂ? ಕೋಳಿಯೆಲ್ಲ ಮುಂದಕ್ಕೆ ಬಂದು, ಒಂದು ನಕ್ಷೆಯ ಮೇಲೆ ಕೂತು, ಇನ್ನೊಂದು ರೇಡಿಯೋ ಹುಡುಗನ ಕೊರಳಪಟ್ಟಿಯೊಳಗೆ ತಲೆ ತೂರಿಸಿ, ಪುಕ್ಕ ಹಿಮದಂತೆ ಸುರಿದು, ಪಕ್ಕದ ಪೈಲಟ್ ಎಡ್ಡಿ ಸೀನುತ್ತ ಸೀನುತ್ತ ವಿಮಾನವೇ ಎರಡು ಬಾರಿ ಮುಗ್ಗರಿಸುವಂತೆ ಮಾಡಿದನಂತೆ. ಅವಳ ಹ್ಞೂಂಗಳು ಈಗ ನಗೆಯಲ್ಲಿ ನೆನೆದು ಬರುತ್ತಿದ್ದವು. ಕೆಳಗಿಳಿದು ಬಾಗಿಲು ತೆರೆದರೆ ಕರ್ನಲ್ಲರು ಸೆಟೆದು ನಿಂತಿದ್ದಾರೆ. ಮೊದಲು ಕೋಳಿಗಳು ಸಾಲಾಗಿ ಇಳಿದವು. ಆಮೇಲೆ ಗುರ್ಸ್ಕಿ ಇಳಿದು ಸಲ್ಯೂಟ್ ಹೊಡೆದರು, ತಲೆಯ ಮೇಲಿನ ಕೋಳಿಯ ಸಮೇತ. ಅವರು ಎದ್ದು ನಿಂತು ಹೊಡೆದೇ ತೋರಿಸಿದರು. ಪಂಕಜಾ ಫ್ಲಾಸ್ಕನ್ನು ತಬ್ಬಿಕೊಂಡು ಕಣ್ಣೀರು ಬರುವ ತನಕ ನಕ್ಕಳು.

ದಿವಾಕರ ಒಳಗೆ ಬರುವಾಗ ಅವನ ಹಿಂದೆ ಲೈಬ್ರರಿಯ ಮಿಸೆಸ್ ಡಿ ಲೂಕಾ ಇದ್ದರು, ಕ್ಯಾಸೆಟ್ ಒಯ್ಯಲು ಬಂದಿದ್ದರು. ಟೇಪು ಹಿಂದಕ್ಕೆ ತಿರುಗಿಸಿ ಕೇಳಿದರೆ ಒಂದೊಂದು ಮಾತಿಗೂ ಒಂದೊಂದು ಹ್ಞೂಂ. ಹೇಳುವವರ ದನಿಯಲ್ಲದೆ ಕಥೆಯ ನಡುವೆ ಬೇರೆ ದನಿ ಬರಕೂಡದೆಂಬುದು ಲೈಬ್ರರಿಯ ನಿಯಮ.

"ಅಯ್ಯೋ ಮಾರಾಯ್ತಿ," ಎಂದ ದಿವಾಕರ, "ಕೊಟ್ಟಿಗೇಲಿ ಎಮ್ಮೆ ಕಟ್ಟಿದ ಹಾಗಿದೆಯಲ್ಲೇ."

ಪಂಕಜಾಳ ಮುಖ ಕೆಂಪಾಯಿತು. ಅವಳನ್ನು ಅಡಿಗೆಮನೆಗೆ ಕಳಿಸಿ, ಅದೇ ಟೇಪಿನ ಮೇಲೆ ಮತ್ತೆ ತುಂಬಿಸೋಣವೆಂದ. ಅವರು ಮತ್ತೆ ಹಾಗೇ ಹೇಳುವುದಾದರೆ ಸರಿ, ಮೊದಲು ಒಂದು ಸಲ ಟೇಪು ಹಾಕದೆ ಹೇಳಿಸಿ ನೋಡಿ ಎಂದರು ಮಿಸೆಸ್ ಡಿ ಲೂಕಾ. ಗುರ್ಸ್ಕಿಯವರು ಕೂತರು. ಕೋಳಿ ಇದ್ದವು ಎಂದರು. ಪೆಟ್ಟಿಗೆ ಒಡೆಯಿತು ಎಂದರು. ಇಳಿದೆವು ಎಂದು ಕಿಟಕಿಗೆ ತಿರುಗಿದರು. ಎಷ್ಟು ಎತ್ತರದಲ್ಲಿ ಹಾರುತ್ತಿದ್ದಿರಿ ಎಂದು ಕೇಳಿದ ದಿವಾಕರನಿಗೆ ಎತ್ತರ ಸಿಕ್ಕಿತು, ಕೋಳಿ ಸಿಗಲಿಲ್ಲ.

"ಎತ್ತರ ಮಾತ್ರ ಆದರೂ ಸಾಕು," ಎಂದು ಅವನು ಬೆರಳನ್ನು ರೆಕಾರ್ಡರಿನ ಕೆಂಪು ಗುಂಡಿಯ ಹತ್ತಿರ ಒಯ್ದ. ಪಂಕಜಾ ಅಡಿಗೆಮನೆಯಿಂದ ಹೇಗೆ ಬಂದಳೋ ಅವಳಿಗೇ ತಿಳಿಯದು. ಅವಳ ಅಂಗೈ ರೆಕಾರ್ಡರಿನ ಮೇಲಿತ್ತು.

"ಅಳಿಸ್ಬೇಡಿ ಭಾವ. ನಾನು ಹ್ಞೂಂ ಅಂದಿದ್ದಕ್ಕೇ ಅವ್ರು ಹೇಳಿದ್ದು."

ಏನಂತೆ ಎಂದು ಮಿಸೆಸ್ ಡಿ ಲೂಕಾ ಕೇಳಿದರು. ದಿವಾಕರ ಒಲ್ಲದ ಮನಸ್ಸಿನಿಂದ ಇಂಗ್ಲಿಷಿನಲ್ಲಿ ಹೇಳಿದ. ಗುರ್ಸ್ಕಿಯವರು ತಲೆಯಾಡಿಸಿದರು.

"ಹುಡುಗಿ ಹಾಗೆ ಕಾಯ್ತಾ ಕೂತಿರುವಾಗ," ಎಂದರು, "ಕೋಳಿಗಳನ್ನ ಆಕಾಶದಲ್ಲೇ ಬಿಟ್ಟು ನಾನು ಎದ್ದು ಹೋಗೋದು ಹೇಗೆ?"

ಮಿಸೆಸ್ ಡಿ ಲೂಕಾ ಟೇಪನ್ನು ಇನ್ನೊಮ್ಮೆ ಕೇಳಿದರು. ಸಲ್ಯೂಟಿನ ಹೊತ್ತಿಗೆ ನಕ್ಕು ನಕ್ಕು ಅವರ ಕನ್ನಡಕ ಮೂಗಿನಿಂದ ಜಾರಿತ್ತು. ನಿಯಮ ಬರೆದವಳು ನಾನೇ, ನೋಡಿಕೊಳ್ಳುತ್ತೇನೆ ಎಂದು ಕ್ಯಾಸೆಟ್ಟನ್ನು ಮಗುಚಿ ಹಾಕಿ, ಎಡ್ಡಿ ಬಗ್ಗೆ ಹೇಳಿ ಎಂದು ಮುದುಕರನ್ನು ಕೇಳಿದರು. ಕುರ್ಚಿಗಳೆಲ್ಲ ಲಾರಿ ಹತ್ತಿದ್ದವು. ಗುರ್ಸ್ಕಿಯವರು ಪೆಟ್ಟಿಗೆಯ ಮೇಲೆ, ಪಂಕಜಾ ಅವರೆದುರು ನೆಲದ ಮೇಲೆ ಕೂತರು. ಎಡ್ಡಿ ತನ್ನ ಮದುವೆಯ ಉಂಗುರವನ್ನು ಎಂಜಿನ್ನಿನೊಳಗೆ ಬೀಳಿಸಿದ ದಿನದಿಂದ ಕಥೆ ಶುರುವಾಯಿತು. ಪಂಕಜಾ ಹ್ಞೂಂ ಅಂದಳು. ಮಿಸೆಸ್ ಡಿ ಲೂಕಾ ಕೂಡ ಅಂದರು. ಸೋಫಾ ಹೊತ್ತು ಬಾಗಿಲಲ್ಲಿ ನಿಂತ ಲಾರಿಯವರೂ ಅಂದರು. ದಿವಾಕರ ತಡೆದುಕೊಂಡ, ತಡೆದುಕೊಂಡ, ಕೊನೆಗೆ ಎಲ್ಲರಿಗಿಂತ ಜೋರಾಗಿ, ಮಾತಿನ ನಟ್ಟನಡುವೆ ಹೂಂಕರಿಸಿದ.

"ಈಗಲ್ಲ ಭಾವ," ಎಂದಳು ಪಂಕಜಾ, ಟೇಪು ತಿರುಗುತ್ತಿರುವಾಗಲೇ. "ಅವ್ರು ಉಸಿರು ತಗೊಳ್ಳೋವರ್ಗೂ ತಡ್ಕೊಳ್ಳಿ."

ಅವನು ತಡೆದುಕೊಂಡ. ಗುರ್ಸ್ಕಿಯವರು ಉಸಿರು ತೆಗೆದುಕೊಂಡರು.